ಮಯ್ಯತ್ ತೊಳೆಯುವ ನಾಜಿಮಾ

ಸಕಲೇಶಪುರದ ಮುಸ್ಲಿಂ ಮನೆಗಳಲ್ಲಿ ಹೆಂಗಸು ಸತ್ತರೆ ಮೊದಲ ಫೋನು ಹೋಗುತ್ತಿದ್ದದ್ದು ನಾಜಿಮಾಗೆ. ಹೆತ್ತೂರಾಗಲಿ, ಮಾರನಹಳ್ಳಿಯಾಗಲಿ, ಸಿಕ್ಕ ಬಸ್ಸು ಹತ್ತಿ ಹೋಗಿ ಮಯ್ಯತ್ ತೊಳೆದು, ಕಫನ್ ಬಟ್ಟೆ ಸುತ್ತಿ ಬರುತ್ತಿದ್ದಳು. ಇಪ್ಪತ್ತು ವರ್ಷದ ಕೆಲಸ. ಕಲಿಸಿದ್ದು ತಾಯಿ ಮರಿಯಮ್ ಬೀ. ನನ್ನನ್ನೂ ನೀನೇ ತೊಳೀಬೇಕು, ಕಂಡವರ ಕೈಗೆ ಕೊಡಬೇಡ ಎಂದು ಮುದುಕಿ ಆಗಾಗ ಹೇಳುತ್ತಿದ್ದಳು.

ಹೋದ ವರ್ಷ ನಾಜಿಮಾ ಬುರ್ಖಾ ತೆಗೆದಿಟ್ಟಳು. ಉಬ್ಬಸದವಳು, ಮುಖದ ಬಟ್ಟೆಯೊಳಗೆ ಉಸಿರು ಸಿಗದೆ ಬಸ್ಸಿನಲ್ಲೇ ಬಿದ್ದಿದ್ದಳು. ಹಾಕುವವರು ಹಾಕಲಿ, ನನಗೆ ಬೇಡ ಎಂದು ತಲೆಗೆ ಸೆರಗು ಹೊದ್ದು ಓಡಾಡಿದಳು. ಅಂಥವಳ ಕೈ ಮಯ್ಯತ್ ಮುಟ್ಟಬಾರದೆಂದು ಮಸೀದಿಯ ಜಮಾತಿನ ಕಾರ್ಯದರ್ಶಿ ಮೆಹಬೂಬ್ ಸಾಹೇಬರು ಹೇಳಿಕಳಿಸಿದರು. ಹೆಣ್ಣಿನ ಮಯ್ಯತ್ ತೊಳೆಯುವಲ್ಲಿಗೆ ಪರಗಂಡಸು ಕಾಲಿಡುವಂತಿಲ್ಲ. ಅಲ್ಲಿಗೆ ಯಾವ ಹೆಂಗಸು ಹೋಗಬೇಕೆಂದು ತೀರ್ಮಾನಿಸುವವರು ಮಾತ್ರ ಗಂಡಸರೇ. ಫೋನು ನಿಂತಿತು.

ಈ ಜೂನ್‌ನಲ್ಲಿ ಮರಿಯಮ್ ಬೀ ತೀರಿಕೊಂಡಳು. ನಾಜಿಮಾಳ ತಮ್ಮ ಫಯಾಜನ ಮನೆಯ ಅಂಗಳದ ಮೂಲೆಗೆ ಟಾರ್ಪಾಲ್ ಕಟ್ಟಿ, ನೀರು ಕಾಯಿಸಿದ್ದರು. ನಾಜಿಮಾ ಒಳಹೋಗುವಷ್ಟರಲ್ಲಿ ಫಯಾಜ್ ತನ್ನ ಹೆಂಡತಿಯ ಬುರ್ಖಾ ಹಿಡಿದು ಅಡ್ಡ ನಿಂತ.

"ಹಾಕ್ಕೊಂಡು ಹೋಗು ಆಪಾ. ಇಲ್ಲಾಂದ್ರೆ ಮಸೀದಿಯಿಂದ ಸಂದೂಕ ಕಳ್ಸಲ್ವಂತೆ."

"ಒಳಗಿರೋರೆಲ್ಲ ಹೆಂಗಸ್ರು. ಅಮ್ಮಿ ನೋಡಿದ್ರೆ ಕಣ್ಣು ಮುಚ್ಚವ್ರೆ. ಯಾರಿಗೆ ಮರೆ ಮಾಡ್ಲೋ?"

ಅವನು ಕುರ್ಚಿಯಲ್ಲಿ ಕೂತಿದ್ದ ಮೆಹಬೂಬ್ ಸಾಹೇಬರ ಕಡೆ ನೋಡಿದ. ಹೆಣ ಹೊರುವ ಸಂದೂಕ ಅವರ ಒಂದು ಮಾತಿನಲ್ಲಿತ್ತು.

ನಾಜಿಮಾ ಹಾಕಲೂ ಇಲ್ಲ, ಮನೆಗೆ ಹೋಗಲೂ ಇಲ್ಲ. ಟಾರ್ಪಾಲಿಗೆ ಆತು ನಿಂತಳು. ಒಳಗೆ ಫಯಾಜನ ಹೆಂಡತಿ ಆತಿಕಾ ಮತ್ತು ಪಕ್ಕದ ಮನೆಯಾಕೆ. ಇಬ್ಬರೂ ಯಾವತ್ತೂ ಮಯ್ಯತ್ ಮುಟ್ಟಿದವರಲ್ಲ. ನಾಜಿಮಾ ಹೊರಗಿನಿಂದಲೇ ಹೇಳಿಕೊಟ್ಟಳು. ಬಲಗಡೆ ಮೊದಲು. ನೀರು ಉಗುರುಬೆಚ್ಚಗಿರಲಿ. ಎಡಭುಜದ ಮೂಳೆ ಮುರಿದಿತ್ತು, ಮೆತ್ತಗೆ ಎತ್ತು. ಆತಿಕಾ ಅಳುತ್ತ ಹೇಳಿದಂತೆ ಮಾಡಿದಳು.

ಹೆಂಗಸಿನ ಗಂಟಲು ಅಂಗಳಕ್ಕೆಲ್ಲ ಕೇಳುತ್ತಿದೆ, ಸಂದೂಕ ಬೇಕೋ ಬೇಡವೋ ಎಂದರು ಮೆಹಬೂಬ್ ಸಾಹೇಬರು.

ಅಷ್ಟರಲ್ಲಿ ಒಳಗಿಂದ ಕೇಳಿತು: "ಆಪಾ, ಕೊನೇ ನೀರಿಗೆ ಕರ್ಪೂರ ಎಷ್ಟು ಹಾಕ್ಲಿ?"

ನಾಜಿಮಾ ಬಾಯಿ ತೆರೆದಳು. ಫಯಾಜ್ ಹಿಂದಿನಿಂದ ಬಂದು ಅಂಗೈಯಿಂದ ಅದನ್ನು ಅದುಮಿದ. ಮೂಗೂ ಮುಚ್ಚಿಹೋಯಿತು. ಆತಿಕಾ ಇನ್ನೆರಡು ಸಲ ಕೇಳಿ, ಪೊಟ್ಟಣವನ್ನೇ ನೀರಿಗೆ ಸುರಿದಳು.

ಸಂದೂಕ ಬಂತು. ಅದನ್ನು ಎತ್ತುವಾಗ ಕರ್ಪೂರದ ಘಾಟು ತಡೆಯಲಾರದೆ ಮೆಹಬೂಬ್ ಸಾಹೇಬರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡರು. ಅದಕ್ಕೂ ಮೊದಲು ಮಯ್ಯತ್‌ನ ಮುಖ ತೋರಿಸಿದ್ದರು, ನೆರೆಮನೆಯ ಹೆಂಗಸರಿಗೆಲ್ಲ. ನಾಜಿಮಾಳನ್ನು ಯಾರೂ ಕರೆಯಲಿಲ್ಲ.