ಐವತ್ತು ಲೀಟರಿನ ಹುಟ್ಟುಹಬ್ಬ

ಇವತ್ತು ಬೆಳಿಗ್ಗೆ ಚಂದ್ರಾ ಲೇಔಟಿನ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕ ಒಂದು ಗೂಡ್ಸ್ ಆಟೋ ನಿಂತಿತು. ಅದರ ತುಂಬ ಖಾಲಿ ಬಿಯರ್ ಕೆಗ್ಗುಗಳು. ಕೆಗ್ಗೆಂದರೆ ಗೊತ್ತಲ್ಲ, ಗ್ಯಾಸ್ ಸಿಲಿಂಡರಿನ ದಾಯಾದಿಯಂಥ ಸ್ಟೀಲಿನ ಪೀಪಾಯಿ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಭಾಮೈದ ನಾಗರಾಜನ ಐವತ್ತನೆಯ ಹುಟ್ಟುಹಬ್ಬ ನೆನಪಾಯಿತು.

ನಾಗರಾಜನಿಗೆ ಯಾವುದೂ ಅಳತೆಗೆ ತಕ್ಕಂತಿದ್ದರೆ ಸಮಾಧಾನವಿಲ್ಲ. ಮೂಡಲಪಾಳ್ಯದ ಅಂಗೈಯಗಲದ ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ, ಅರಮನೆಗಾಗುವಂಥ ಬಾಗಿಲು ಕೂರಿಸಿದ್ದಾನೆ. ನಡುಮನೆಯ ದೊಡ್ಡ ಸೋಫಾ ದಾಟಲು ನಾವೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಇಂಥವನು ಕೆಗ್ ಆರಿಸಲು ನನ್ನನ್ನು ಜೊತೆಗೆ ಕರೆದೊಯ್ದ. ಬಿಯರಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದು ಕಹಿ ಎಂಬುದೊಂದೇ.

ಅಂಗಡಿಯವನು ವಿವೇಕಿ. "ಎಷ್ಟು ಜನ ಸಾರ್? ಅದ್ರಲ್ಲಿ ಕುಡಿಯೋರು ಎಷ್ಟು?" ಎಂದು ಕೇಳಿದ.

"ಅರವತ್ತು ಜನ. ಎಲ್ರೂ ಕುಡೀತಾರೆ," ಎಂದ ನಾಗರಾಜ.

"ಕರೆದೋರೆಲ್ಲ ಬರಲ್ಲ ಸಾರ್. ಇಪ್ಪತ್ತು ಲೀಟರ್ ತಗೊಳ್ಳಿ. ಬಿಯರ್ ಹೊರಗೆ ಬರೋಕೆ ಒಂದ್ಸಲ ಪಂಪ್ ಹೊಡೆದ್ರೆ ಒಳಗೆ ಗಾಳಿ ಹೋಗಿ ನಾಳೆಗೆ ಸಪ್ಪೆ ಆಗೋಗತ್ತೆ."

"ಐವತ್ತು ವರ್ಷಕ್ಕೆ ಐವತ್ತು ಲೀಟರ್. ಅಲ್ವಾ ಭಾವ?"

ವಯಸ್ಸು ನೋಡಿ ಚಪ್ಪಲಿಯ ಸೈಜು ಹೇಳುವವರನ್ನು ನೀವು ಕಂಡಿದ್ದೀರಾ? ಆದರೂ ನಾನು, "ನಿನ್ನಿಷ್ಟ ಕಣೋ" ಎಂದೆ.

ಭಾನುವಾರ ಮಧ್ಯಾಹ್ನ ನಾಲ್ಕು ಜನ ಸೇರಿ ಆ ಐವತ್ತು ಲೀಟರಿನ ಕೆಗ್ಗನ್ನು ಟೆರೇಸಿಗೆ ಹೊತ್ತೆವು. ತಿರುವು ತಿರುವಿಗೂ ಗೋಡೆಗೆ ಬಡಿದು ಕುಲುಕಾಡಿದ್ದರಿಂದ ಮೊದಲ ಒಂದು ಗಂಟೆ ನಲ್ಲಿಯಲ್ಲಿ ಬಂದದ್ದು ಬರೀ ನೊರೆ. ಬಂದವರು ಹದಿನಾಲ್ಕು ಜನ. ಅವರಲ್ಲಿ ಆರು ಮಂದಿ ಕೆಳಗಿನ ಮನೆಯ ಬಾಡಿಗೆದಾರರು, ದಾವಣಗೆರೆ ಕಡೆಯ ಮಡಿವಂತರು. ಅವರು ಮಜ್ಜಿಗೆ ಕೇಳಿದರು. ಉಳಿದವರ ಲೋಟ ಅರ್ಧವಾಗುವ ಮೊದಲೇ ನಾಗರಾಜ ತುಂಬಿಸುತ್ತಿದ್ದ. ನಡುನಡುವೆ ಫೋನ್ ಬರುತ್ತಿತ್ತು: "ಮಾಗಡಿ ರೋಡ್ ಫುಲ್ ಜಾಮ್ ಗುರು," "ಅತ್ತೆಗೆ ಹುಷಾರಿಲ್ಲ." ಪ್ರತಿ ಸಲವೂ ಅವನು ನಮ್ಮ ಕಡೆ ತಿರುಗಿ, "ಬರ್ತಾರೆ, ಬರ್ತಾರೆ" ಎನ್ನುತ್ತಿದ್ದ.

ನಾಲ್ಕು ಗಂಟೆಯ ಹೊತ್ತಿಗೆ ಮೆಟ್ಟಿಲ ಕಡೆ ನೋಡುವುದನ್ನು ಬಿಟ್ಟು, ಕೆಗ್ಗಿನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ.

"ನಲವತ್ತಾರು ಜನ ಬರ್ಲಿಲ್ಲ ಭಾವ. ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಗೊತ್ತಿತ್ತು. ಅವನ ಆಫೀಸಿನ ಇಬ್ಬರು ನನಗೂ ಪರಿಚಯ. "ಅವನ ಜಂಭ ಕೇಳೋಕೆ ಯಾರು ಹೋಗ್ತಾರೆ" ಎಂದು ಅವರು ಹಿಂದಿನ ವಾರವೇ ನಕ್ಕಿದ್ದರು. ಅವರೊಂದಿಗೆ ನಾನೂ ನಕ್ಕಿದ್ದೆ. ಅಂಗಡಿಯಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ದೊಡ್ಡತನದಿಂದಲ್ಲ. ತಮಾಷೆ ನೋಡುವ ಆಸೆಯಿಂದ. ದೊಡ್ಡ ಸೋಫಾ ಕೊಂಡವನನ್ನು ಆಡಿಕೊಂಡ ನಾನು ಎಷ್ಟು ಸಣ್ಣವನೆಂದು ಯಾರೂ ಅಳೆದಿರಲಿಲ್ಲ.

"ಇಲ್ಲ ಕಣೋ," ಎಂದೆ.

ಮರುದಿನ ಬೆಳಿಗ್ಗೆ ಉಳಿದ ಬಿಯರನ್ನು ಇಬ್ಬರೂ ಬಕೆಟ್ಟಿಗೆ ಹಿಡಿದು ಮೋರಿಗೆ ಚೆಲ್ಲಿದೆವು. ಅದಾದ ಮೇಲೆ ಅವನು ಯಾರನ್ನೂ ಮನೆಗೆ ಕರೆದದ್ದು ಕಾಣೆ.

ಇವತ್ತು ಮನೆ ತಲುಪಿದವನೇ ಅವನಿಗೆ ಫೋನ್ ಮಾಡಿದೆ.

"ಸಂಜೆ ಬಿಡುವಿದ್ಯೇನೋ? ಮನೆ ಕಡೆ ಬರ್ತೀನಿ."

"ಯಾಕೆ ಭಾವ, ಏನಾದ್ರೂ ಕೆಲಸ ಆಗ್ಬೇಕಿತ್ತಾ?"

"ಏನಿಲ್ಲ ಕಣೋ. ಸುಮ್ನೆ."

ಅವನು ಕೇಳಿದ: "ನಿಜವಾಗ್ಲೂ ಬರ್ತೀರಾ ತಾನೆ?"