ಸಮತೂಕದ ಜೋಡಿ ಹುಡುಕುತ್ತ ಬಬಲೇಶ್ವರಕ್ಕೆ

ಗದಗದಿಂದ ಬೆಳಗಿನ ಬಸ್ಸು ಹಿಡಿದವಳು ವಿಜಯಪುರದಲ್ಲಿ ಇಳಿಯುವಾಗ ಊಟದ ಹೊತ್ತು ಮೀರಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ಸೀಟೂ ಇಲ್ಲ. ಬಾಗಲಕೋಟೆಯವರೆಗೆ ನಿಂತೇ ಬಂದೆ. ಸಿದ್ಧೇಶ್ವರ ಗುಡಿಯ ಹತ್ತಿರದ ಖಾನಾವಳಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹೊಟ್ಟೆಗೆ ಬಿದ್ದ ಮೇಲೆ ಸಿಟ್ಟು ಇಳಿಯಿತು.

ಪತ್ರಿಕೆಗೆ ಆಟೋಟದ ಅಂಕಣ ಬರೆಯುವ ನನಗೆ ಬಾಕ್ಸಿಂಗಿನ ಹುಚ್ಚು ಹಿಡಿಸಿದವರು ಅಪ್ಪ. ಆಗ ಹೆವಿವೇಟ್ ಪಟ್ಟವೆಂದರೆ ಅಮೆರಿಕದ ಮನೆಯ ಸ್ವತ್ತು. ಆಮೇಲೆ ಅದು ಕೈತಪ್ಪಿ ಇಂಗ್ಲೆಂಡು, ಉಕ್ರೇನುಗಳ ಪಾಲಾಯಿತು. ದೊಡ್ಡ ಮೈಯ ಹುಡುಗರು ದುಡ್ಡಿರುವ ಬೇರೆ ಆಟಗಳಿಗೆ ಹೋದರು ಎಂದು ತಿಳಿದವರು ಬರೆದರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅಮೆರಿಕಕ್ಕೆ ಹೋಗುವ ತಾಕತ್ತು ನನಗೆಲ್ಲಿಯದು? ಒಂದು ಕಾಲಕ್ಕೆ ಭಾರೀ ಪೈಲ್ವಾನರನ್ನು ಬೆಳೆಸಿದ ತಿಕೋಟಾಕ್ಕಾದರೂ ಹೋಗೋಣವೆಂದು ಹೊರಟಿದ್ದೆ.

ವಿಜಯಪುರದಲ್ಲಿ ಜೊತೆಯಾದವಳು ರುಕ್ಸಾನಾ. ಹುಡುಗಿಯರ ಬಾಕ್ಸಿಂಗಿನಲ್ಲಿ ಎಲ್ಲಕ್ಕಿಂತ ಮೇಲಿನ ತೂಕದವಳು. ಬಸ್ಸಿನಲ್ಲಿ ಅವಳ ಪಕ್ಕ ಕೂತ ನನಗೆ ಸಿಕ್ಕಿದ್ದು ಅರ್ಧ ಸೀಟು. ಮನೆಯಲ್ಲಿ ಮೆಡಲುಗಳ ಗೊಂಚಲೇ ಇದೆಯಂತೆ ಎಂದೆ.

"ಎದುರಿಗೆ ಯಾರೂ ಇಲ್ಲದ ಗೆದ್ದಿದ್ದರಿ ಅಕ್ಕಾರ, ನನ್ನ ತೂಕದಾಕಿ ಜಿಲ್ಲೇದಾಗ ಇಲ್ಲ. ಹೋದ ವರ್ಷ ರಾಜ್ಯಮಟ್ಟದಾಗ ಒಬ್ಬಾಕಿ ಖರೇನ ಹೊಡದ್ಲು, ಬಿದ್ದೆ. ಅಲ್ಲೀತನಾ ನನಗ ಯಾರೂ ಹೊಡದಿದ್ದಿಲ್ಲ."

ಮುಂದಿನ ತಿಂಗಳು ಮತ್ತೆ ಆಯ್ಕೆ. ಈ ಸಲವೂ ಬಿದ್ದರೆ ಬಾಕ್ಸಿಂಗ್ ಬಿಡುತ್ತೇನೆಂದು ಅವ್ವನಿಗೆ ಮಾತು ಕೊಟ್ಟಿದ್ದಾಳೆ. ತಾಲೀಮಿಗೆ ಎದುರು ನಿಲ್ಲಲು ಅವಳ ಆಸೆ ಈಗ ಒಬ್ಬರ ಮೇಲೆ: ಬಬಲೇಶ್ವರದ ಸಂಗಪ್ಪ. ತೀರಿಹೋದ ಅವಳ ಅಪ್ಪನ ಜೊತೆ ವರ್ಷಗಟ್ಟಲೆ ಒಂದೇ ಮಣ್ಣಿನಲ್ಲಿ ತಾಲೀಮು ಮಾಡಿದ ಜೋಡಿ. ಆದರೆ ತಿಕೋಟಾ ಗರಡಿಯ ಗುರು ವಸ್ತಾದರ ಮಾತಿಲ್ಲದೆ ಅವರ ಶಿಷ್ಯ ಯಾರ ಎದುರೂ ಕೈ ಎತ್ತುವುದಿಲ್ಲ. ಆದ್ದರಿಂದ ಮೊದಲು ತಿಕೋಟಾ.

ವಿಜಯಪುರದಿಂದ ಹತ್ತಿಪ್ಪತ್ತು ಕಿಲೋಮೀಟರ್ ದಾರಿ, ಎರಡೂ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡುಗಳು. ಬಿಸಿಲಿಗೆ ಬಸ್ಸಿನ ಕಂಬಿ ಮುಟ್ಟುವಂತಿರಲಿಲ್ಲ. ಗರಡಿಮನೆಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿಲ್ಲ. ವಸ್ತಾದರೇ ಕೋಲೂರಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ನಮ್ಮೊಂದಿಗೆ ಕೂತರು. ಬಾಗಿಲಿನಿಂದ ಅಖಾಡ ಕಾಣುತ್ತಿತ್ತು. ಮಜ್ಜಿಗೆ, ಎಣ್ಣೆ ಹಾಕಿ ಮೆತ್ತಗೆ ಇಡಬೇಕಾದ ಕೆಂಪು ಮಣ್ಣು ಬಿರುಕು ಬಿಟ್ಟಿತ್ತು.

"ಪೈಲ್ವಾನರೆಲ್ಲ ಎಲ್ಲಿ ಹೋದರು?" ಎಂದು ಕೇಳಿದೆ.

"ಪೊಲೀಸ್ ಭರ್ತಿಗೆ ಓಡಬೇಕಲ್ಲರಿ, ಹುಡುಗೂರು ತೂಕ ಇಳಸಾಕತ್ತಾರ. ಅದೂ ಇರಲಿ, ದೊಡ್ಡಾಂವ ಒಬ್ಬನ ಬೆಳ್ಯಂಗಿಲ್ರಿ. ದಬ್ಬಾಕ ಅವನಷ್ಟ ದೊಡ್ಡಾಂವ ಇನ್ನೊಬ್ಬ ಬೇಕು. ಈಕಿ ಅಪ್ಪ ತೀರಿದ, ಸಂಗಪ್ಪ ಮನೀ ಹಿಡದ. ಒಬ್ಬ ಹ್ವಾದ್ರ ಇಬ್ರೂ ಹ್ವಾದಂಗ."

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಒಂದು ದೇಶದಲ್ಲಿ ದೈತ್ಯರು ಏಳುವುದೂ ಬೀಳುವುದೂ ಹೀಗೆಯೇ ಇರಬೇಕು. ಖುಷಿಪಡಬೇಕಾದವಳು ಆ ಒಡೆದ ಮಣ್ಣನ್ನೇ ನೋಡುತ್ತ ಕೂತೆ.

ವಸ್ತಾದರು ರುಕ್ಸಾನಾಳ ಭುಜ ಮುಟ್ಟಿ ನೋಡಿದರು. "ಸಣ್ಣಾಕಿ ಇದ್ದಾಗ ಈ ಹೊಸ್ತಿಲದಾಗ ನಿಂತಿರತಿದ್ದಿ. ಒಳಗ ಕರೀಲಿಲ್ಲ ನಾ. ಹೋಗವ್ವಾ, ನಾ ಹೇಳೇನಂತ ಸಂಗಪ್ಪಗ ಹೇಳು."

ಬಬಲೇಶ್ವರಕ್ಕೆ ಟಂಟಂ ಆಟೋ ಸಿಕ್ಕಿತು, ತುಂಬುವವರೆಗೆ ಹೊರಡಲಿಲ್ಲ. ದಾರಿಯುದ್ದಕ್ಕೂ ರುಕ್ಸಾನಾ ಸಂಗಪ್ಪನವರ ಪೈಲ್ವಾನಿಕೆಯ ಕಥೆಯನ್ನೇ ಹೇಳಿದಳು; ಅಪ್ಪನನ್ನು ಮಣ್ಣು ಮಾಡುವ ದಿನ ಬಂದಾಗ ಬಾಗಿಲ ತುಂಬ ನಿಂತಿದ್ದರಂತೆ. ಅವರ ಮನೆ ಮುಟ್ಟಿದಾಗ, ಬಾಗಿಲು ತೆರೆದವರನ್ನು ನೋಡಿ ಅವಳೇ "ಸಂಗಪ್ಪ ಕಾಕಾ ಅದಾರೇನ್ರಿ?" ಎಂದು ಕೇಳಿದಳು.

"ನಾನ ಅವ್ವಾ," ಎಂದರು ಅವರು. ಸಕ್ಕರೆ ಕಾಯಿಲೆ ಮೈಯನ್ನೆಲ್ಲ ತಿಂದುಹಾಕಿತ್ತು. ಅಂಗಿಯ ಕೊರಳಪಟ್ಟಿಯೊಳಗೆ ಇನ್ನೊಂದು ಕೊರಳು ಹಿಡಿಸುತ್ತಿತ್ತು.

ವಸ್ತಾದರ ಮಾತು ಕೇಳಿ ಅವರು ಕೈಮುಗಿದರು. ಚಹಾ ಕುಡಿಯಲೂ ಬಿಡದೆ ಅಂಗಳದ ಬೇವಿನ ಕೆಳಗೆ ಹೋಗಿ, ಅವಳು ತಂದಿದ್ದ ಪ್ಯಾಡುಗಳನ್ನು ಅಂಗೈಗೆ ಹಾಕಿಕೊಂಡು ನಿಂತರು. "ಹೊಡಿ."

ಮೊದಲ ಏಟಿಗೆ ಅವರು ಗೋಡೆಯವರೆಗೆ ಹೋದರು. ಮುಂದೆ ಬಂದು ಮತ್ತೆ ಕೈ ಎತ್ತಿದರು. ಆಮೇಲಿನ ಏಟುಗಳ ಸದ್ದು ಸಣ್ಣದಾಗುತ್ತ ಬಂತು. ನನಗೇ ಗೊತ್ತಾಯಿತು, ಅವರಿಗೆ ಗೊತ್ತಾಗದಿರುತ್ತದೆಯೇ?

"ಕೈ ಯಾಕ ಹಿಡ್ಯಾಕತ್ತಿ?"

"ಇಲ್ಲ ಕಾಕಾ, ಪೂರಾನ ಹೊಡ್ಯಾಕತ್ತೇನಿ."

"ನಿಮ್ಮಪ್ಪ ನನಗ ಒಂದಿನಾನೂ ಹಂಗ ದಯಾ ತೋರಸಲಿಲ್ಲವ್ವಾ. ಅದಕ್ಕ ನಾ ಪೈಲ್ವಾನ ಆದೆ." ಅವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಇವತ್ತ ರೂಢಿ ತಪ್ಪೇತಿ, ಅಷ್ಟ. ನಾಳೆ ಬಾ."

ಅವಳು ಹೂಂ ಎಂದಳು. ಬಸ್ ನಿಲ್ದಾಣದವರೆಗೂ ಅವರು ನಮ್ಮನ್ನು ಕಳಿಸಲು ಬಂದರು. ಬಸ್ಸು ಹತ್ತಿ ಕೂತ ಮೇಲೆ ಅವಳು ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚತೊಡಗಿದಳು.

"ನಾಳೆ ಎಷ್ಟು ಹೊತ್ತಿಗೆ ಬರುತ್ತೀ?" ಎಂದು ಕೇಳಿದೆ.

"ಬರಂಗಿಲ್ರಿ ಅಕ್ಕಾರ. ನಾ ಎಷ್ಟ ಹೊಡದ್ರೂ ಅವರು ನಿಲ್ತಾರ. ಅದಕ್ಕ ಬರಂಗಿಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ಸಂಗಪ್ಪ ಇನ್ನೂ ಅಲ್ಲೇ ನಿಂತಿದ್ದರು. ಪ್ಯಾಡುಗಳು ಅವರ ಕಂಕುಳಲ್ಲಿದ್ದವು. ನಾಳೆಗಿರಲಿ ಎಂದು ಅವಳೇ ಕೊಟ್ಟು ಬಂದಿದ್ದಳು.