ಹಿಂದಿನಿಂದ ಓದಿದ ಡಬ್ಬ

ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವರಿಗೆ ಭೂತಗನ್ನಡಿ ಎಂದೇ ಹೆಸರು. ಕುತ್ತಿಗೆಗೆ ದಾರ ಕಟ್ಟಿ ಒಂದು ಭೂತಗನ್ನಡಿ ನೇತುಹಾಕಿಕೊಳ್ಳುತ್ತಿದ್ದರಲ್ಲ, ಅದಕ್ಕೆ. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕೆಲಸ. ಶಾಂಪೂ, ಬಿಸ್ಕತ್ತು, ಇಲಿ ಪಾಷಾಣ, ನಾಯಿ ಬೆಕ್ಕುಗಳ ಆಹಾರ, ಯಾವ ಲೇಬಲ್ಲೂ ಅವರ ಸಹಿಯಿಲ್ಲದೆ ಮೆಷಿನ್ ಹತ್ತುವಂತಿರಲಿಲ್ಲ.

ಅವರದೊಂದು ವಿದ್ಯೆ ಇತ್ತು. ಲೇಬಲ್ಲನ್ನು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದುವುದು.

"ಮುಂದಿನಿಂದ ಓದಿದ್ರೆ ಅರ್ಥ ಅಡ್ಡ ಬರತ್ತೆ ಕಣ್ರೀ. ಅರ್ಥ ಹೊಳೀತೋ, ಕಣ್ಣು ಜಾರ್ತು," ಎಂದು ಹೊಸಬರಿಗೆ ಹೇಳಿಕೊಡುವಾಗ ಅವರ ಗತ್ತು ನೋಡಬೇಕಿತ್ತು. ಬ್ರಹ್ಮಾಂಡದ ಗುಟ್ಟನ್ನೇ ಬಿಟ್ಟುಕೊಡುತ್ತಿರುವವರ ಹಾಗೆ ದನಿ ತಗ್ಗಿಸುತ್ತಿದ್ದರು.

ಮನೆ ಮೂರನೇ ಮಹಡಿಯ ಎರಡು ಕೋಣೆ. ಮದುವೆಯಾಗಿರಲಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅಕ್ಕನ ಚಪ್ಪಲಿ ಬಾಗಿಲ ಮೂಲೆಯಲ್ಲಿ ಹಾಗೇ ಇತ್ತು, ಅಕ್ಕನ ಬೆಕ್ಕು ಕಿಟಕಿಯಲ್ಲಿ. ದಪ್ಪ ಬೂದು ಬೆಕ್ಕು, ಯಾರನ್ನೂ ಲೆಕ್ಕಕ್ಕಿಡದ ಅದರ ಠೀವಿಗೆ ಅಕ್ಕ ಇಟ್ಟ ಹೆಸರು ಸಾಹೇಬ. ಅಕ್ಕ ಅದರ ತಟ್ಟೆಯ ಪಕ್ಕ ಕೂತು ತರಕಾರಿಯವಳ ಜಗಳದಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲ ಒಪ್ಪಿಸುತ್ತಿದ್ದಳು. ತಮ್ಮ ಮಾತ್ರ ತಟ್ಟೆ ಇಟ್ಟು ಸುಮ್ಮನೆ ಎದ್ದುಬಿಡುತ್ತಿದ್ದರು. ಬೆಕ್ಕಿನ ಜೊತೆ ಏನು ಮಾತು?

ಅಕ್ಕ ಹೋದ ಮೇಲೆ ಸಾಹೇಬನ ಊಟ ಆರಿಸುವ ಭಾರ ಇವರ ಮೇಲೆ ಬಿತ್ತು. ಯೋಚಿಸಲೇ ಇಲ್ಲ. ತಮ್ಮದೇ ಪ್ರೆಸ್ಸಿನ ಲೇಬಲ್ ಹೊತ್ತ ನೀಲಿ ಡಬ್ಬ ತಂದರು. ಮುಂದುಗಡೆ ದಪ್ಪಕ್ಷರದಲ್ಲಿ 'ಶೇಕಡಾ ೯೮ ಅಪ್ಪಟ ಮೀನು'. ಒಂದೇ ಒಂದು ಅಕ್ಷರ ತಪ್ಪಿಲ್ಲ, ತಾವೇ ತಿದ್ದಿದ್ದು. ಅಂಥ ಡಬ್ಬದೊಳಗೆ ಕೆಟ್ಟದ್ದು ಇರಲು ಹೇಗೆ ಸಾಧ್ಯ? ಸಾಹೇಬ ನೆಕ್ಕಿ ನೆಕ್ಕಿ ತಿಂದ. ಹತ್ತು ತಿಂಗಳು ಅದೇ.

ಆಮೇಲೆ ಸಾಹೇಬ ಸೊರಗಿದ. ಕಿಟಕಿಗೆ ಹಾರಲು ಹೋಗಿ ಬಿದ್ದ. ಒಂದು ಬೆಳಿಗ್ಗೆ ಕುರ್ಚಿಯ ಕಾಲಿಗೆ ಮುಖ ಡಿಕ್ಕಿ ಹೊಡೆದುಕೊಂಡು, ಕುರ್ಚಿಯದೇ ತಪ್ಪು ಎನ್ನುವಂತೆ ನಿಂತ. ಇವರು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯೆಯ ಬಳಿ ಓಡಿದರು. ಇದೂ ಹೋದರೆ ಮನೆಯಲ್ಲಿ ಉಸಿರಾಡುವುದು ತಾವೊಬ್ಬರೇ ಎಂಬುದು ಮೆಟ್ಟಿಲಿಳಿಯುವಾಗ ಹೊಳೆಯಿತು.

ವೈದ್ಯೆ ಕಣ್ಣಿಗೆ ದೀಪ ಬಿಟ್ಟು, ಎದೆ ಪರೀಕ್ಷೆ ಮಾಡಿಸಿ, "ಊಟಕ್ಕೆ ಏನ್ ಹಾಕ್ತೀರಿ?" ಎಂದಳು.

ಇವರು ಹೆಮ್ಮೆಯಿಂದ ಬುಟ್ಟಿಯೊಳಗಿಂದ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. "ತೊಂಬತ್ತೆಂಟು ಪರ್ಸೆಂಟ್ ಮೀನು, ಡಾಕ್ಟ್ರೇ."

"ಬರೀ ಇದೇನಾ?"

"ಬರೀ ಇದೇ."

"ಮುಂದ್ಗಡೆ ಇರೋದು ಮಾರೋನ ಮಾತು. ಹಿಂದ್ಗಡೆ ತಿರುಗಿಸಿ ಸ್ವಲ್ಪ ಓದಿ."

ಅವರು ಭೂತಗನ್ನಡಿ ಹಿಡಿದರು. ಅಭ್ಯಾಸಬಲ, ತುಟಿ ಕೊನೆಯಿಂದ ಶುರುವಾಯಿತು. "ಆಹಾರವಲ್ಲ, ಸಂಪೂರ್ಣ... ಮಾತ್ರ, ಆಹಾರ... ಪೂರಕ..."

"ಅಯ್ಯೋ, ಹೀಗ್ ಓದಿದ್ರೆ ನನಗೇ ಅರ್ಥ ಆಗಲ್ಲ! ಸೀದಾ ಓದ್ರಿ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಣ್ಣಕ್ಷರದ ಸಾಲೊಂದನ್ನು ಸೀದಾ ಓದಿದರು. "ಪೂರಕ ಆಹಾರ ಮಾತ್ರ. ಸಂಪೂರ್ಣ ಆಹಾರವಲ್ಲ."

"ಅಂದ್ರೆ, ಇದು ಆಗಾಗ ಬಾಯಿರುಚಿಗೆ ಕೊಡೋದು. ದಿನದ ಊಟ ಅಲ್ಲ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಇದ್ರಲ್ಲಿ ಸಾಕಷ್ಟಿಲ್ಲ. ಅದಿಲ್ದೇನೇ ಇವನ ಕಣ್ಣು ಹೋಗಿದೆ, ಹೃದಯ ಸೋತಿದೆ. 'ಸಂಪೂರ್ಣ ಆಹಾರ' ಅಂತಿರೋದನ್ನ ಕೊಡ್ಬೇಕಿತ್ತು. ತೊಂಬತ್ತೆಂಟು ಪರ್ಸೆಂಟ್ ಮೀನಿದ್ರೂ ಅಷ್ಟೇ."

"ಈ ಸಾಲು ನಾನು ನೂರು ಸಲ ತಿದ್ದಿದೀನಿ," ಎಂದರು. ಬೆಕ್ಕಿನ ಮುಖ ನೋಡಲಾಗಲಿಲ್ಲ. "ಉಳೀತಾನಾ?"

"ಔಷಧಿ ಕೊಡ್ತೀನಿ. ಸರಿಯಾಗಿ ತಿಂದ್ರೆ ಹೃದಯ ಚೇತರಿಸ್ಕೊಳ್ಳಬಹುದು. ಹೋದ ಕಣ್ಣು ವಾಪಸ್ ಬರಲ್ಲ. ಆದ್ರೆ ತಿನ್ಬೇಕು, ಅದು ಮುಖ್ಯ."

ಸಾಹೇಬ ತಿನ್ನಲಿಲ್ಲ. 'ಸಂಪೂರ್ಣ' ಎಂದು ಮೂರು ಸಲ ಸೀದಾ ಓದಿ ತಂದ ಹಸಿರು ಡಬ್ಬದ ಮುಂದೆ ಎರಡು ದಿನ ಮುಖ ತಿರುಗಿಸಿದ. ಮೂರನೆಯ ಸಂಜೆ ತಟ್ಟೆ ಇಟ್ಟಾಗ, ಅವನು ಕೋಣೆಯ ಆ ಮೂಲೆಯಿಂದ ಕಿವಿ ಮಾತ್ರ ಇತ್ತ ತಿರುಗಿಸಿ ಕಾಯುತ್ತಿದ್ದ. ಕಣ್ಣು ಕಾಣದವನು ಕಾಯುತ್ತಿದ್ದದ್ದು ದನಿಗೆ ಎಂದು ಇವರಿಗೆ ತಡವಾಗಿ ಗೊತ್ತಾಯಿತು.

ಅಕ್ಕನ ಹಾಗೆ ನೆಲದ ಮೇಲೆ ಕೂತರು. ಗಂಟಲು ಸರಿಮಾಡಿಕೊಂಡರು. ಹೇಳಲು ತರಕಾರಿಯವಳಿಲ್ಲ, ಜಗಳವಿಲ್ಲ. ಕೈಯಲ್ಲಿದ್ದದ್ದು ಡಬ್ಬ.

"ವಯಸ್ಕ ಬೆಕ್ಕುಗಳಿಗೆ ಸಂಪೂರ್ಣ ಆಹಾರ," ಎಂದು ಶುರುಮಾಡಿದರು. "ಕೋಳಿ, ಮೀನು, ಖನಿಜಾಂಶ, ಟಾರಿನ್... ನೋಡೋ ಸಾಹೇಬ, ಇದೆ, ಟಾರಿನ್ ಇದೆ..."

ಸಾಹೇಬ ಗೋಡೆ ಹಿಡಿದು, ದನಿ ಹಿಡಿದು ಬಂದ. ಮೂಗು ತಟ್ಟೆಗೆ ತಾಗಿತು. ಒಂದು ತುತ್ತು, ಇನ್ನೊಂದು.

ಇವರು ತೇವಾಂಶ ಓದಿದರು, ನಾರಿನಂಶ ಓದಿದರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಒಣ ಜಾಗದಲ್ಲಿಡಿ ಎಂಬುದನ್ನೂ ಓದಿದರು. ಲೇಬಲ್ ಮುಗಿಯಿತು. ಬೆಕ್ಕು ತಿನ್ನುವುದು ನಿಲ್ಲಿಸಿ, ಕಾಣದ ಕಣ್ಣನ್ನು ಮೇಲೆತ್ತಿತು.

"ಇರು, ಇರು, ಹೋಗ್ಬೇಡ," ಎಂದು ಅವರು ಡಬ್ಬ ತಿರುಗಿಸಿ, ಮತ್ತೆ ಮೊದಲ ಪದದಿಂದ ಶುರುಮಾಡಿದರು.